ತೂಕ ಕಡಿಮಿ ಕೂಸಿನ ಪುಡಿ ಹಾಲು, ಹಾಲು ಕುಡಿಸೂ ಸ್ಟೀಲ್ ಒಳಲಿ, ಎದಿ ಹಾಲು ಹಿಂಡೂ ಬಾಡಗಿ ಪಂಪ್: ಎರಡ್ ತಿಂಗಳು ಬಳಸಿದ ಮ್ಯಾಲ ಬರಿಯಾಕ ಹತ್ತೀನಿ

ನನ್ನ ಮಗಳು ಹುಟ್ಟಿದ್ದು 33 ವಾರಕ್ಕ, ಮಾರ್ಚ್ ತಿಂಗಳದಾಗ, ಹುಬ್ಬಳ್ಳಿ ಒಂದ್ ದವಾಖಾನಿಯಾಗ. ತೂಕ 1640 ಗ್ರಾಂ. ನಮ್ಮವ್ವ ಮೊದಲ್ನೇ ಸಲ ಕಾಚಿನ ಹೊರಗಿಂದ ನೋಡಿ ಏನೂ ಮಾತಾಡ್ಲಿಲ್ಲ, ಸೀರಿ ಸೆರಗ ಬಾಯಿಗೆ ಹಿಡ್ಕೊಂಡು ಹೊರಗ ಹೋಗಿ ಕುಂತ್ಲು. 19 ದಿನ ಎನ್‌ಐಸಿಯು, ಅಂದ್ರ ಹುಟ್ಟಿದ ಕೂಸುಗೋಳ ಐಸಿಯುದಾಗ ಇದ್ಲು, ಆಮ್ಯಾಲ ಬಾಣಂತನಕ್ಕ ತವರಮನಿ ಬೆಟಗೇರಿಗೆ ಬಂದ್ವಿ. ಆ ದಿನದಾಗ ನಾ ರಾತ್ರಿ ಮೂರಕ್ಕ ಕೂಸಿನ್ನ ಎದಿ ಮ್ಯಾಲ ಮಲಗಿಸ್ಕೊಂಡು ಫೋನಿನ್ಯಾಗ ಹುಡುಕ್ತಿದ್ದೆ, ಎಲ್‌ಬಿಡಬ್ಲ್ಯೂ ಪುಡಿ (ಹುಟ್ಟಿದಾಗ ತೂಕ ಕಡಿಮಿ ಇದ್ದ ಕೂಸಿನ ಪುಡಿ ಹಾಲು) ಅಂದ್ರ ಏನು, ಎಷ್ಟು ಹಾಕಬೇಕು, ಯಾವಾಗ ಬಿಡಬೇಕು ಅಂತ, ಕನ್ನಡದಾಗ ಒಂದೂ ಸರಿಯಾಗಿ ಸಿಗ್ಲಿಲ್ಲ, ಸಿಕ್ಕಿದ್ದೆಲ್ಲಾ ಬರೇ ಐದು ಸ್ಟಾರ್ ಹಾಕಿ ಗುಡ್ ಪ್ರಾಡಕ್ಟ್ ಅಂತ ಬರ್ದಿದ್ರು. ಅದಕ್ಕ ಇದನ್ನ ಉದ್ದಾಗಿ ಬರಿಯಾಕ ಹತ್ತೀನಿ. ಓದೋರು ಅವಸರದಾಗ ಇದ್ರ ಚಮಚದ ಬಗ್ಗೆ ಬರ್ದಿದ್ದಾದ್ರೂ ಓದ್ರಿ.

ಮೊದಲ ಒಂದ್ ಮಾತು, ಕಂಪನಿ ಹೆಸರು ನಾ ಹಾಕೂದಿಲ್ಲ. ನಮ್ಮ ದೇಶದಾಗ 1992 ರಾಗ ಒಂದ್ ಕಾಯ್ದೆ ಬಂದೈತಿ, 2003 ರಾಗ ಇನ್ನೂ ಬಿಗಿ ಮಾಡ್ಯಾರ, ಎರಡು ವರ್ಷದೊಳಗಿನ ಕೂಸುಗೋಳ ಪುಡಿ ಹಾಲು, ಬಾಟಲಿ ಇವಕ್ಕ ಜಾಹೀರಾತು ಕೊಡೂ ಹಂಗಿಲ್ಲ, ಫ್ರೀ ಸ್ಯಾಂಪಲ್ ಹಂಚೂ ಹಂಗಿಲ್ಲ, ಡಬ್ಬಿ ಮ್ಯಾಲ ಗುಂಡು ಗುಂಡು ಕೂಸಿನ ಚಿತ್ರ ಸೈತ ಹಾಕೂ ಹಂಗಿಲ್ಲ. ನಿಮ್ಮ ಮನ್ಯಾಗ ಡಬ್ಬಿ ಇದ್ರ ತಿರುಗಿಸಿ ನೋಡ್ರಿ, ತಾಯಿ ಹಾಲ ಚಲೋ ಅಂತ ಬರ್ದಿರ್ತೈತಿ. ಆ ಕಾಯ್ದೆ ಮಾಡಿದ್ದು ಸರಿ ಐತಿ ಅಂತ ನನಗ ಈಗ ಪೂರಾ ಗೊತ್ತಾಗೈತಿ. ಯಾವ ಕಂಪನಿ ಅನ್ನೂದನ್ನ ನಿಮ್ಮ ಕೂಸಿನ ಡಾಕ್ಟರ್ ಹೇಳ್ತಾರ. ನಾ ಹೇಳೂದು ಬಳಸೂದರ ಬಗ್ಗೆ.

ಈ ಪುಡಿ ನಮಗ ಯಾಕ ಬೇಕಾತು ಅಂದ್ರ, ನನಗ ಮೊದಲ ಐದಾರ ದಿನ ಹಾಲು ಸರಿಯಾಗಿ ಬರ್ಲಿಲ್ಲ. ಸಿಸ್ಟರ್ ಕೈಯಿಂದ ಹಿಂಡೂದು ಕಲಿಸಿದ್ರು, ಮೊದಲ್ನೇ ದಿನ ಸಿರಿಂಜಿನ್ಯಾಗ 2 ಮಿಲಿ ಬಂತು, ಹಳದಿ ಬಣ್ಣದ ಗಿಣ್ಣದ ಹಾಲು, ನಾ ಇಷ್ಟ ಅಂತ ಅತ್ತೆ, ಅವ್ರು ಅದನ್ನ ಬಂಗಾರದಂಗ ಹಿಡ್ಕೊಂಡು ಒಳಗ ಓಡಿದ್ರು. ಕೂಸಿಗೆ ಮೂಗಿನ ನಳಿಗಿಯಿಂದ ಹಾಲು ಹಾಕ್ತಿದ್ರು, ಯಾಕಂದ್ರ ಚೀಪೂದು, ನುಂಗೂದು, ಉಸುರು ತಗೊಳ್ಳೂದು ಮೂರನ್ನೂ ಒಂದಕ್ಕೊಂದು ಹೊಂದಿಸ್ಕೊಂಡು ಮಾಡೂ ಶಕ್ತಿ ಕೂಸಿಗೆ ಬರೂದು ಸುಮಾರು 34 ವಾರದ ಹೊತ್ತಿಗೆ ಅಂತ. ಹುಟ್ಟಿದ ಮ್ಯಾಲ ತೂಕ ಇಳೀತು, 1510 ಕ್ಕ ಬಂತು, ಅದು ಎಲ್ಲಾ ಕೂಸಿಗೂ ಆಗ್ತೈತಿ, ತಿಂಗಳ ತುಂಬದ ಕೂಸಿಗೆ ಸ್ವಲ್ಪ ಜಾಸ್ತಿ ಆಗ್ತೈತಿ, ಹತ್ತರಿಂದ ಹದಿನಾಲ್ಕು ದಿನದಾಗ ವಾಪಸ್ ಹುಟ್ಟಿದ ತೂಕಕ್ಕ ಬರ್ಬೇಕು ಅಂದ್ರು. ನಮ್ಮಕಿ ಹನ್ನೆರಡನೇ ದಿನ ಬಂದ್ಲು.

ದಾನದ ಹಾಲು ಸಿಕ್ರ ಅದು ಪುಡಿಗಿಂತ ಚಲೋ ಅಂತ ಡಾಕ್ಟರ್ ಮೊದಲ ಹೇಳಿದ್ರು. ಬ್ಯಾರೆ ತಾಯಂದ್ರ ಹಾಲು ಕಾಯಿಸಿ ಟೆಸ್ಟ್ ಮಾಡಿ ಇಡೂ ಮಿಲ್ಕ್ ಬ್ಯಾಂಕ್, ನಮ್ಮ ದೇಶದಾಗ ಮೊದಲ್ನೇದ್ದು 1989 ರಾಗ ಮುಂಬೈ ಸಾಯನ್ ಆಸ್ಪತ್ರಿಯಾಗ ಶುರುವಾಗಿದ್ದಂತ. ನಾವಿದ್ದಲ್ಲಿ ಆ ಹೊತ್ತಿಗೆ ನಮಗ ಸಿಗ್ಲಿಲ್ಲ. ಇದನ್ನ ಯಾಕ ಹೇಳ್ತೀನಿ ಅಂದ್ರ, ಪುಡಿ ಹಾಲು ಕುಡಿಸಿದ್ರ ತೂಕ ಬೇಗ ಏರ್ತೈತಿ, ಅದು ಖರೆ, ಆದ್ರ ಸಣ್ಣ ಕೂಸುಗೋಳ ಕರಳಿಗೆ ಬರೂ ಒಂದ್ ಕೆಟ್ಟ ಬ್ಯಾನಿ ಐತಿ, ಎನ್‌ಇಸಿ ಅಂತಾರ, ಕರಳು ಬಾತು ಕೊಳಿಯೂದು, ಅದರ ಅಪಾಯ ದಾನದ ಹಾಲಿಗೆ ಹೋಲಿಸಿದ್ರ ಪುಡಿಯಾಗ ಹತ್ತತ್ರ ಎರಡು ಪಟ್ಟು ಅಂತ ಎಷ್ಟೋ ಅಧ್ಯಯನ ಕೂಡಿಸಿ ನೋಡಿ ಹೇಳ್ಯಾರ. ಹೊಟ್ಟಿ ಉಬ್ಬೂದು, ಹಸರು ವಾಂತಿ, ಸಂಡಾಸದಾಗ ರಕ್ತ, ಇವು ಕಂಡ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ ಅಂತ ನಮಗ ಕಾಗದದ ಮ್ಯಾಲ ಬರ್ದ ಕೊಟ್ಟಿದ್ರು, ಅದು ನಮ್ಮ ಫ್ರಿಜ್ ಮ್ಯಾಲ ಇನ್ನೂ ಅಂಟಿಸಿದ್ದ ಐತಿ. ಹಿಂಗಾಗಿ ನಮಗ ಹೇಳಿದ ಕ್ರಮ ಇದು: ಮೊದಲ ನಂದ ಹಾಲು, ಎಷ್ಟು ಕಡಿಮಿ ಬೀಳ್ತೈತೋ ಅಷ್ಟಕ್ಕ ಮಾತ್ರ ಪುಡಿ.

ಈಗ ಪುಡಿಗೆ ಬರ್ತೀನಿ. 400 ಗ್ರಾಂ ಡಬ್ಬಿ, ಮೆಡಿಕಲ್ ಶಾಪಿನ್ಯಾಗ ಸಾದಾ ಪುಡಿಗಿಂತ ತುಟ್ಟಿ. ಡಬ್ಬಿ ಮ್ಯಾಲ 37 ವಾರಕ್ಕಿಂತ ಮೊದಲ ಹುಟ್ಟಿದ, 2.5 ಕಿಲೋಕ್ಕಿಂತ ಕಡಿಮಿ ತೂಕದ ಕೂಸಿಗೆ, ಡಾಕ್ಟರ್ ಸಲಹೆ ಮ್ಯಾಲ ಅಂತ ಬರ್ದೈತಿ. ಮತ್ತ ಸಣ್ಣ ಅಕ್ಷರದಾಗ, ತಾಯಿ ಹಾಲು ಸಾಕಾಗೂವಷ್ಟು ಬಂದ ಕೂಡ್ಲೆ ಡಾಕ್ಟರ್‌ನ ಕೇಳಿ ಇದನ್ನ ನಿಲ್ಲಿಸಬೇಕು ಅಂತ. ಆ ಸಾಲು ದೊಡ್ಡ ಅಕ್ಷರದಾಗ, ಕನ್ನಡದಾಗ ಇರ್ಬೇಕಿತ್ತು ಅಂತ ನನ್ನ ಅಭಿಪ್ರಾಯ. ನಮ್ಮವ್ವ ಏಳನೇತ್ತ ಓದ್ಯಾಳ, ಕನ್ನಡ ಚಂದ ಓದ್ತಾಳ, ಕೂಸಿಗೆ ಹಗಲೆಲ್ಲಾ ಹಾಲು ಕಲಿಸಾಕಿ ಆಕಿನ, ಆದ್ರ ನಮ್ಮ ಡಬ್ಬಿ ಮ್ಯಾಲ ಆಕಿಗೆ ಓದಾಕ ಬರೂವಂಥ ಒಂದ್ ಸಾಲೂ ಇರ್ಲಿಲ್ಲ.

ಸಾದಾ ಪುಡಿಗೂ ಇದಕ್ಕೂ ಫರಕ್ ಏನು ಅಂದ್ರ ಶಕ್ತಿ. ಸಾದಾ ಪುಡಿ ಕಲಿಸಿದ್ರ 100 ಮಿಲಿಯಾಗ ಸುಮಾರು 67 ಕ್ಯಾಲರಿ, ತಾಯಿ ಹಾಲೂ ಸುಮಾರು ಅಷ್ಟ, ಈ ಎಲ್‌ಬಿಡಬ್ಲ್ಯೂ ಪುಡಿಯಾಗ ಸುಮಾರು 80. ಪ್ರೋಟೀನ್ ಜಾಸ್ತಿ, ಕ್ಯಾಲ್ಸಿಯಂ ಫಾಸ್ಫರಸ್ ಜಾಸ್ತಿ. ಕೂಸಿನ ಎಲುಬಿನ ಕ್ಯಾಲ್ಸಿಯಂ ಹತ್ತರಾಗ ಎಂಟು ಭಾಗ ಹೊಟ್ಟಿಯೊಳಗ ಕಡೀ ಮೂರು ತಿಂಗಳದಾಗ ತುಂಬ್ತೈತಂತ, ನಮ್ಮಕಿ ಆ ಮೂರು ತಿಂಗಳದಾಗ ಏಳು ವಾರ ಬಿಟ್ಟ ಬಂದ್ಲು. ಕೊಬ್ಬಿನ್ಯಾಗೂ ಒಂದ್ ಪಾಲು ಬ್ಯಾರೆ ಥರದ್ದು, ಎಮ್‌ಸಿಟಿ ಅಂತಾರ, ಪಿತ್ತರಸ ಕಡಿಮಿ ಇದ್ರೂ ಅರಗ್ತೈತಿ. ಇಂಥಾ ಕೂಸಿಗೆ ದಿನಕ್ಕ ಕಿಲೋಕ್ಕ 115 ರಿಂದ 140 ಕ್ಯಾಲರಿ ಬೇಕು, ದೊಡ್ಡವ್ರಿಗೆ ಕಿಲೋಕ್ಕ ಮೂವತ್ತರ ಆಸುಪಾಸು ಸಾಕು ಅನ್ನೂದನ್ನ ನೋಡಿದ್ರ ಆ ಸಣ್ಣ ಜೀವ ಎಷ್ಟು ಬೆಳಿಯಾಕ ಹತ್ತೈತಿ ಅಂತ ತಿಳೀತೈತಿ. ಹೊಟ್ಟಿ ಮಾತ್ರ ಒಂದ್ ನಿಂಬಿಹಣ್ಣಿನಷ್ಟು. ಅದರಾಗ ಇಷ್ಟ ಹಿಡಿಬೇಕು ಅಂತನ ಗಟ್ಟಿ ಪುಡಿ.

ಮನಿಗೆ ಕಳಿಸಿದಾಗ ತೂಕ 1820. ಕಿಲೋಕ್ಕ 160 ಮಿಲಿ ಲೆಕ್ಕ ಹಿಡಿದು ದಿನಕ್ಕ ಸುಮಾರು 290 ಮಿಲಿ, ಎರಡು ತಾಸಿಗೊಮ್ಮೆ 24 ಮಿಲಿ. ಅದರಾಗ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನಂದು, ಉಳಿದದ್ದು ಪುಡಿ. ಪುಡಿ ಬಗ್ಗೆ ಹೇಳ್ಬೇಕಂದ್ರ, ಬಣ್ಣ ಬಿಳಿ ಕೆನಿಯಂಗ, ವಾಸನಿ ಸ್ವಲ್ಪ ಎಣ್ಣಿ ಎಣ್ಣಿ, ಸಾದಾ ಪುಡಿಯಷ್ಟು ಘಮ ಇರಾಂಗಿಲ್ಲ, ಬಿಸಿ ನೀರಿನ್ಯಾಗ ಚಲೋ ಕರಗ್ತೈತಿ, ತಣ್ಣೀರಿನ್ಯಾಗ ಗಂಟು ಉಳೀತೈತಿ. ಜೋರ ಅಲ್ಲಾಡಿಸಿದ್ರ ಬುರುಗು ಬರ್ತೈತಿ, ಬುರುಗಿನ ಮ್ಯಾಲ ಅಳತಿ ನೋಡಿದ್ರ ಮೋಸ ಆಗ್ತೈತಿ, ಅದಕ್ಕ ನಾವು ಸಣ್ಣ ಸ್ಟೀಲ್ ಬಟ್ಟಲದಾಗ ಚಮಚದಿಂದ ಮೆಲ್ಲಕ ತಿರುವ್ತಿದ್ವಿ. ಸಂಡಾಸ ಸ್ವಲ್ಪ ಗಟ್ಟಿ ಆತು, ಹಸರಗಂದು ಬಣ್ಣ, ಮುಕ್ಕರೀತಿದ್ಲು, ಕಬ್ಬಿಣದ ಹನಿನೂ ಶುರು ಆಗಿತ್ತಲ್ಲ, ಡಾಕ್ಟರ್ ಹೆದರಬ್ಯಾಡ್ರಿ ಅಂದ್ರು. ಕಬ್ಬಿಣ ಮತ್ತ ವಿಟಮಿನ್ ಡಿ ಹನಿ ಎರಡೂ ನಮಗ ಬರ್ದ ಕೊಟ್ಟಿದ್ರು, ಪುಡಿ ಕುಡಿಸ್ತೀವಿ ಅಂತ ನಾವs ಅವನ್ನ ಬಿಡೂ ಹಂಗಿಲ್ಲ, ಕೇಳೇ ಬಿಡಬೇಕು.

ಕಲಿಸೂದು ಹೆಂಗ ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾರೂ ತಪ್ಪೂದು ಇಲ್ಲೇ. ಪುಡಿ ಹಾಲು ನೋಡಾಕ ಸ್ವಚ್ಛ ಇದ್ರೂ ಅದು ಪೂರಾ ಕ್ರಿಮಿ ಸತ್ತದ್ದಲ್ಲ, ಕ್ರೋನೋಬ್ಯಾಕ್ಟರ್ ಅಂತ ಒಂದ್ ಕ್ರಿಮಿ ಒಣಾ ಪುಡಿಯೊಳಗೂ ಜೀವ ಹಿಡ್ಕೊಂಡಿರ್ಬಹುದು, ತಿಂಗಳ ತುಂಬದ ಕೂಸಿಗೆ ಅದು ಭಾಳ ಕೆಟ್ಟದ್ದು. ಅದಕ್ಕ ವಿಶ್ವ ಆರೋಗ್ಯ ಸಂಸ್ಥೆ 2007 ರಾಗ ಬರ್ದದ್ದು ಏನಂದ್ರ ನೀರು 70 ಡಿಗ್ರಿಗಿಂತ ಕಡಿಮಿ ಇರಬಾರ್ದು, ಪುಡಿ ಆ ಬಿಸಿ ನೀರಿಗೇ ಹಾಕ್ಬೇಕು, ಆಮ್ಯಾಲ ಆರಿಸ್ಬೇಕು. ನಮ್ಮ ಮಂದಿ ಮಾಡೂದು ಉಲ್ಟಾ, ಮೊದಲ ನೀರು ಆರಿಸಿ ಉಗುರುಬೆಚ್ಚಗ ಮಾಡಿ ಆಮ್ಯಾಲ ಪುಡಿ ಹಾಕೂದು. ನೀರು ಕುದಿಸಿ ಇಳಿಸಿದ ಮ್ಯಾಲ ಅರ್ಧ ತಾಸಿನೊಳಗ ಬಳಸಬೇಕು, ಬೇಸಿಗಿಯಾಗೂ ಅಷ್ಟ. ಗದಗ-ಬೆಟಗೇರಿಯಾಗ ನೀರು ದಿನಾ ಬರಾಂಗಿಲ್ಲ ಅನ್ನೂದು ಎಲ್ಲಾರಿಗೂ ಗೊತ್ತಿದ್ದದ್ದ, ಬ್ಯಾರಲ್‌ದಾಗ ತುಂಬಿಸಿಟ್ಟ ನೀರು, ಶುದ್ಧ ನೀರಿನ ಘಟಕದಿಂದ ಕ್ಯಾನಿನ್ಯಾಗ ತಂದ ನೀರು, ಯಾವದಾದ್ರೂ ಸೈ, ಬುಳುಬುಳು ಕುದಿಬೇಕು. ಮೊದಲ ನೀರು ಅಳತಿ ಮಾಡಿ ಹಾಕೂದು, ಆಮ್ಯಾಲ ಪುಡಿ. ಚಮಚ ತುಂಬಿ ಚಾಕುವಿನ ಬೆನ್ನಿಂದ ಸಮಾ ಮಾಡೂದು, ಒತ್ತಿ ತುಂಬೂ ಹಂಗಿಲ್ಲ, ಗೋಪುರ ಮಾಡೂ ಹಂಗಿಲ್ಲ. ಕಲಿಸಿದ ಬಟ್ಟಲ ತಣ್ಣೀರ ಬೋಗಾಣಿಯಾಗ ಇಟ್ಟು ಮುಂಗೈ ಮ್ಯಾಲ ಒಂದ್ ಹನಿ ಹಾಕಿ ನೋಡಿ ಕುಡಿಸೂದು. ಎರಡು ತಾಸಿನ ಮ್ಯಾಲ ಉಳಿದದ್ದು ಚೆಲ್ಲೂದು. ಚೆಲ್ಲಾಕ ಅವ್ವನ ಮನಸ ಒಪ್ತಿರ್ಲಿಲ್ಲ, ಇಷ್ಟು ತುಟ್ಟಿ ಪುಡಿ ಅಂತ, ನಾ ಅಕಿ ಕೈಯಿಂದ ಬಟ್ಟಲ ಇಸ್ಕೊಂಡು ನಾನ ಚೆಲ್ತಿದ್ದೆ.

ಈಗ ಚಮಚದ ಕತಿ. ಮೊದಲ ವಾರ ಮನ್ಯಾಗ 190 ಗ್ರಾಂ ಏರಿದ್ಲು, 2010 ಆದ್ಲು, ಎಲ್ಲಾರೂ ಖುಷಿ. ಡಬ್ಬಿ ಮುಗೀತು. ನಮ್ಮ ಅಣ್ಣ ಗದಗಿನ್ಯಾಗ ಒಂದ್ ಮೆಡಿಕಲ್ ಶಾಪಿಗೆ ಹೋದ, ಅಂಗಡಿ ಹೆಸರು ಬ್ಯಾಡ, ಅಲ್ಲಿ ಎಲ್‌ಬಿಡಬ್ಲ್ಯೂ ಡಬ್ಬಿ ಸ್ಟಾಕ್ ಇರ್ಲಿಲ್ಲ, ಅದs ಕಂಪನಿದು ಸ್ಟೇಜ್ ಒಂದು, ಅಂದ್ರ ಸಾದಾ ಪುಡಿ, ಕೊಟ್ಟು ಎಲ್ಲಾ ಒಂದ ರೀ ತಗೊಂಡ್ ಹೋಗ್ರಿ ಅಂದ್ರು. ಬಣ್ಣನೂ ಹಂಗ, ಹೆಸರೂ ಹಂಗ, ಅಣ್ಣ ತಂದ. ನಾನೂ ನೋಡ್ಲಿಲ್ಲ. ಹೊಸ ಡಬ್ಬಿ ಚಮಚ ಪುಡಿಯೊಳಗ ಕೆಳಗ ಹುಗದಿತ್ತು, ಅವ್ವ ಹಳೇ ಡಬ್ಬಿ ಚಮಚನ ಕುದಿಸಿ ತೊಳದು ಇಟ್ಟಿದ್ಲು, ಅದನ್ನ ಬಳಸಿದ್ಲು. ಹಳೇ ಚಮಚ 25 ಮಿಲಿ ನೀರಿಗೆ ಒಂದು. ಹೊಸಾ ಡಬ್ಬಿ ಮ್ಯಾಲ ಚಿತ್ರದಾಗ 30 ಮಿಲಿಗೆ ಒಂದು ಅಂತ ಇತ್ತು, ಅದನ್ನ ನಾನ ಅವ್ವಗ ಹೇಳಿದ್ದೆ, ಈಗ 30 ಹಾಕವಾ ಅಂತ. ಅಂದ್ರ ಕಡಿಮಿ ಶಕ್ತಿ ಪುಡಿ, ಸಣ್ಣ ಚಮಚ, ಜಾಸ್ತಿ ನೀರು.

ಮುಂದಿನ ವಾರ ಹುಬ್ಬಳ್ಳಿಗೆ ತೋರಿಸಾಕ ಹೋದಾಗ ತೂಕ 2100. ಏಳು ದಿನಕ್ಕ ಬರೇ 90 ಗ್ರಾಂ. ತಕ್ಕಡಿ ತಪ್ಪಿರ್ಬೇಕು ಅಂತ ಎರಡು ಸಲ ಇಟ್ವಿ. ಡಾಕ್ಟರ್ ಕೂಸಿನ್ನ ಪೂರಾ ನೋಡಿದ್ರು, ರಕ್ತ ತಪಾಸಣಿ ಮಾಡಿಸಿದ್ರು, ಸೋಂಕು ಇಲ್ಲ. ಆಮ್ಯಾಲ ಡಬ್ಬಿ ಫೋಟೋ ತೋರಿಸ್ರಿ ಅಂದ್ರು. ಅಣ್ಣನಿಗೆ ಫೋನ್ ಹಚ್ಚಿ ಡಬ್ಬಿದು, ಚಮಚದ್ದು ಫೋಟೋ ತರಿಸಿದೆ. ಅವ್ರು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿ ತೋರಿಸಿದ್ರು: 100 ಮಿಲಿಯಾಗ 80 ಕ್ಯಾಲರಿ ಹೋಗ್ಬೇಕಾದಲ್ಲಿ 60 ಹೋಗೈತಿ. ಕಾಲು ಭಾಗ ಖೋತಾ. ಪುಡಿ ಕುಡಿಸಿದ ಅಷ್ಟೂ ಸಲ, ಏಳು ದಿನ. ಇದೊಂದ ಕಾರಣ ಅಂತ ಹೇಳಾಕ ಬರಾಂಗಿಲ್ಲ ಆದ್ರ ಇದು ದೊಡ್ಡ ಕಾರಣ ಅಂದ್ರು. ನಾ ಅಲ್ಲೇ ಕುರ್ಚಿ ಮ್ಯಾಲ ಅತ್ತುಬಿಟ್ಟೆ. ಕೂಸು ಆ ವಾರ ಅಳೂದೂ ಕಡಿಮಿ ಮಾಡಿತ್ತು, ನಾವು ಶಾಣ್ಯಾ ಆಗ್ಯಾಳ, ಚಲೋ ಮಲಗ್ತಾಳ ಅಂದ್ಕೊಂಡಿದ್ವಿ.

ಇದರ ಉಲ್ಟಾನೂ ಆಗ್ತೈತಿ. ನಮ್ಮ ಜೋಡಿ ಎನ್‌ಐಸಿಯು ಹೊರಗ ಕುಂತಿದ್ದ ಹಾವೇರಿ ಕಡೆಯವ್ರು, ಕೂಸು ಬೇಗ ದಪ್ಪ ಆಗ್ಲಿ ಅಂತ ಎರಡು ಚಮಚ ಜಾಸ್ತಿ ಹಾಕಿದ್ರಂತ, ಸಂಡಾಸ ಕಲ್ಲಾಗಿ ಕೂಸು ಒಣಗಿ ಮತ್ತ ದವಾಖಾನಿಗೆ ಬಂದಿದ್ರು. ಗಟ್ಟಿ ಮಾಡಿದ್ರ ಸಣ್ಣ ಮೂತ್ರಪಿಂಡಕ್ಕ ಭಾರ ಆಗ್ತೈತಿ, ತಿಳಿ ಮಾಡಿದ್ರ ಕೂಸು ಹೊಟ್ಟಿ ತುಂಬಿದ್ರೂ ಉಪಾಸ ಇರ್ತೈತಿ. ಹೊಸಾ ಡಬ್ಬಿ ಒಡದ್ರ ಹಳೇ ಚಮಚ ಅವತ್ತ ಹೊರಗ ಒಗೀರಿ, ಇದೊಂದ ಮಾತು ನೆನಪಿಟ್ರೂ ನಾ ಬರ್ದಿದ್ದು ಸಾರ್ಥಕ. ಡಬ್ಬಿ ಮ್ಯಾಲ ಮಾರ್ಕರ್‌ಲೆ ಒಡದ ತಾರೀಖು, ಎಷ್ಟು ನೀರಿಗೆ ಎಷ್ಟು ಚಮಚ ಅಂತ ಕನ್ನಡದಾಗ ದೊಡ್ಡದಾಗಿ ನಾನ ಬರ್ದೆ, ಅವ್ವ ಅದನ್ನ ನೋಡಿ ನೀ ಮೊದಲ ಬರದಿದ್ರ ನಾ ತಪ್ಪತಿರ್ಲಿಲ್ಲವಾ ಅಂದ್ಲು, ಅಕಿದೇನು ತಪ್ಪು. ಎಲ್‌ಬಿಡಬ್ಲ್ಯೂ ಡಬ್ಬಿ ಹುಬ್ಬಳ್ಳಿಯಿಂದನ ಎರಡು ತಂದ್ವಿ. ಅದರ ಮುಂದಿನ ವಾರ 210 ಗ್ರಾಂ ಏರಿದ್ಲು.

ಹಿಂಗಾಗಿ ಪುಡಿಗೆ ನಾ 5 ಕ್ಕ 4 ಕೊಡ್ತೀನಿ. ಕೆಲಸ ಮಾಡ್ತೈತಿ. ಒಂದ್ ಕಡಿಮಿ ಮಾಡಿದ್ದು ಎರಡು ಡಬ್ಬಿ ಒಂದ ಥರ ಕಾಣೂದಕ್ಕ, ಕನ್ನಡ ಇಲ್ಲದ್ದಕ್ಕ.

ಒಳಲಿಗೆ ಮಾತ್ರ 5 ಕ್ಕ 5. ಒಳಲೆ ಅಂದ್ರ ಗೊತ್ತಿಲ್ಲದವ್ರಿಗೆ, ದೀಪದ ಪಣತಿ ಇರ್ತೈತಲ್ಲ ಹಂಗ ಒಂದ್ ಕಡೆ ಉದ್ದ ಚುಂಚು ಇದ್ದ ಸಣ್ಣ ಬಟ್ಟಲ. ದವಾಖಾನಿಯಾಗ ಪಲಾಡೆ ಅಂತಿದ್ರು, ಸಿಸ್ಟರ್ ಅದನ್ನ ತಂದ ಕೂಡ್ಲೆ ನಮ್ಮಜ್ಜಿ ಇದು ನಮ್ಮ ಒಳಲಿ ಅಲ್ಲೇನ, ನಿಮ್ಮವ್ವಗ ನಾ ಇದರಾಗ ಬಜಿ ಕುಡಿಸ್ತಿದ್ದೆ ಅಂದ್ಲು. ಬಾಟಲಿ ಬ್ಯಾಡ ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ರು, ನಿಪ್ಪಲ್ ಸಂದಿ ತೊಳಿಯೂದು ಕಷ್ಟ, ಹಾಲು ಸುರಿದು ಬರ್ತೈತಿ, ಕೂಸಿಗೆ ಆಮ್ಯಾಲ ಎದಿ ಹಿಡಿಯೂದು ಬ್ಯಾಡ ಅನಸ್ತೈತಿ. ಒಳಲಿ ತೊಳಿಯಾಕ ಏನೂ ಇಲ್ಲ, ಸಂದಿ ಇಲ್ಲ, ಮೂಲಿ ಇಲ್ಲ, ಸೋಪಿನ ನೀರಾಗ ತಿಕ್ಕಿ ಕುದಿಯೂ ನೀರಾಗ ಹತ್ತು ನಿಮಿಷ.

ಕುಡಿಸೂದು ಕಲಿಯಾಕ ನನಗ ಮೂರು ದಿನ ಹಿಡೀತು. ಕೂಸಿನ್ನ ಅರ್ಧ ಕೂಡ್ರಿಸಿದಂಗ ಎಡಗೈ ಮ್ಯಾಲ ಹಿಡಿಯೂದು, ಕುತ್ತಿಗಿ ಕೆಳಗ ಬಟ್ಟಿ, ಚುಂಚು ಕೆಳತುಟಿ ಮ್ಯಾಲ ಬಾಯಿ ಮೂಲಿಗೆ ಆನಿಸೂದು, ಹಾಲು ಚುಂಚಿನ ತುದೀತನ ಬರೂವಷ್ಟ ಬಗ್ಗಿಸೂದು. ಸುರುವೂ ಹಂಗಿಲ್ಲ. ಆಕಿ ನಾಲಿಗಿ ಹೊರಗ ಚಾಚಿ ಒಂದ್ ಹನಿ ಒಳಗ ಎಳಕೊಳ್ತಿದ್ಲು, ಬೆಕ್ಕಿನ ಮರಿಯಂಗ, ಗಂಟಲ ಒಮ್ಮೆ ಅಲ್ಲಾಡ್ತಿತ್ತು, ಹುಬ್ಬು ಮ್ಯಾಲ ಏರ್ತಿತ್ತು, ಆಮ್ಯಾಲ ಉಸುರು, ಮತ್ತ ಒಂದ್ ಹನಿ. 24 ಮಿಲಿಗೆ ಇಪ್ಪತ್ತರಿಂದ ಮೂವತ್ತು ನಿಮಿಷ. ನಡುವ ನಿದ್ದಿ ಹೋದ್ರ ಅಂಗಾಲು ಮೆಲ್ಲಕ ತಿಕ್ಕೂದು. ತುಟಿ ನೀಲಿ ಆದ್ರ, ಕೆಮ್ಮಿದ್ರ ಅಲ್ಲೇ ನಿಲ್ಲಿಸಿ ಎತ್ತಿ ಹಿಡಿಯೂದು. ಮೊದಮೊದಲ ಕಾಲು ಭಾಗ ಬಟ್ಟಿಗೇ ಹೋಗ್ತಿತ್ತು, ಅದನ್ನ ಲೆಕ್ಕಕ್ಕ ಹಿಡದು ಎರಡ್ ಮೂರ್ ಮಿಲಿ ಮತ್ತ ಕೊಡ್ರಿ ಅಂದಿದ್ರು. ನನ್ನ ಗಂಡ ರವಿವಾರ ಹುಬ್ಬಳ್ಳಿಯಿಂದ ಬಂದು ಕುಡಿಸಾಕ ಕಲಿತ, ಅವನ ಕೈ ನನಗಿಂತ ಸ್ಥಿರ ಇತ್ತು, ಒಂದ್ ಹನಿ ಚೆಲ್ತಿರ್ಲಿಲ್ಲ.

ಬಾಡಗಿ ಪಂಪ್ ಹುಬ್ಬಳ್ಳಿಯಾಗ ತಗೊಂಡ್ವಿ, ಕರೆಂಟಿನ ದೊಡ್ಡ ಮಷಿನ್, ಎರಡೂ ಕಡೆ ಒಮ್ಮೆಲೆ ಹಿಂಡೂದು. ಡಿಪಾಜಿಟ್ ಜಾಸ್ತಿ ಅನಸ್ತು, ಆದ್ರ ನನ್ನ ಹಾಲು ಬಂದದ್ದು ಅದರಿಂದ ಮತ್ತ ಕೂಸಿನ್ನ ಎದಿ ಮ್ಯಾಲ ಹಾಕ್ಕೊಂಡದ್ದರಿಂದ. ದಿನಕ್ಕ ಎಂಟು ಸಲ, ರಾತ್ರಿ ಒಂದ್ ಸಲ ಆದ್ರೂ ಬಿಡದಂಗ, ಯಾಕಂದ್ರ ಹಾಲು ತಯಾರ ಮಾಡೂ ಹಾರ್ಮೋನ್ ರಾತ್ರಿನ ಜಾಸ್ತಿ. ಎಪ್ರಿಲ್ ತಿಂಗಳದಾಗ ಕರೆಂಟ್ ಹೋದ್ರ ಪಂಪೂ ಇಲ್ಲ ಫ್ರಿಜ್ಜೂ ಇಲ್ಲ, ಅವಾಗ ಕೈಯಿಂದ ಹಿಂಡೂದು ಗೊತ್ತಿದ್ದದ್ದು ಉಪಯೋಗಕ್ಕ ಬಂತು. ಹಿಂಡಿದ ಹಾಲು ಹೊರಗ ನಾಲ್ಕು ತಾಸು, ಫ್ರಿಜ್ಜಿನ್ಯಾಗ 24 ತಾಸು ಅಂತ ನಮಗ ಹೇಳಿದ್ರು, ನಮ್ಮ ಬಿಸಲಿಗೆ ನಾ ಹೊರಗ ಇಡಾಕ ಹೋಗ್ಲೇ ಇಲ್ಲ. ಪಂಪಿನ ಸಣ್ಣ ಭಾಗ ತೊಳಿಯೂದು ಬ್ಯಾಸರ, ಅದಕ್ಕ 4.

ದುಡ್ಡಿಲ್ಲದ್ದು, ಎಲ್ಲಾದಕ್ಕಿಂತ ಕೆಲಸ ಮಾಡಿದ್ದು ಕಾಂಗರೂ ಮದರ್ ಕೇರ್. ಕೂಸಿಗೆ ಬರೇ ಡೈಪರ್, ಕುಂಚಿಗಿ, ಕಾಲಚೀಲ ಹಾಕಿ ನನ್ನ ಎದಿಗೆ ಚರ್ಮಕ್ಕ ಚರ್ಮ ಹತ್ತೂ ಹಂಗ ಹಚ್ಚಿ ಮ್ಯಾಲ ಸೀರಿಲೆ ಕಟ್ಟೂದು. 1978 ರಾಗ ಕೊಲಂಬಿಯಾದ ಬೊಗೋಟಾದಾಗ ಕಾಚಿನ ಪೆಟ್ಟಿಗಿ ಸಾಲದ್ದಕ್ಕ ಶುರು ಮಾಡಿದ್ದಂತ, ಈಗ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕ 8 ರಿಂದ 24 ತಾಸು ಮಾಡ್ರಿ ಅಂತೈತಿ, ನಮ್ಮ ಗದಗಿನ ಮಗ್ಗಲ ಕೊಪ್ಪಳ ಜಿಲ್ಲಾದಾಗ ಇದನ್ನ ಇಡೀ ಜಿಲ್ಲಾಕ್ಕ ಹರಡಿಸಿ ನೋಡ್ಯಾರ. ಬಾಣಂತಿ ಅಗ್ಗಿಷ್ಟಿಗಿ ಮುಂದ ಕುಂದ್ರೂದು, ಕೂಸು ತೊಟ್ಟಲದಾಗ ಅಂತ ರೂಢಿ ಇದ್ದ ಮನ್ಯಾಗ ನಾ ಹಗಲೆಲ್ಲಾ ಕೂಸಿನ್ನ ಕಟ್ಕೊಂಡ ತಿರುಗೂದು ನೋಡಿ ಓಣ್ಯಾಗ ಮಂದಿ ಮಾತಾಡಿದ್ರು. ಹೊಗಿ ಹಾಕೂದು ಬ್ಯಾಡ ಅಂದೆ, ಸಣ್ಣ ಪುಪ್ಪಸ. ಜೇನುತುಪ್ಪ ನೆಕ್ಕಿಸೂದು ಬ್ಯಾಡ, ಒಂದ್ ವರ್ಷದ ಒಳಗ ಅದು ವಿಷ ಆಗೂ ಸಂಭವ ಐತಿ. ಘುಟ್ಟಿ ಬ್ಯಾಡ. ಆಕಳ ಹಾಲಿಗೆ ನೀರು ಬೆರಸಿ ಕೊಡೂದು ಬ್ಯಾಡ. ಅಜ್ಜಿ ಸಿಟ್ಟಾದ್ಲು, ಎರಡ್ ದಿನ ಮಾತು ಬಿಟ್ಲು. ಆದ್ರ ನನಗಂತ ಅಂಟಿನ ಉಂಡಿ, ಅಳ್ವಿ ಪಾಯಸ, ಸಬ್ಬಸಗಿ ಪಲ್ಯ, ಜ್ವಾಳದ ರೊಟ್ಟಿ ತುಪ್ಪ ಎಲ್ಲಾ ಮಾಡಿ ಹಾಕಿದಾಕಿ ಅಕಿನ, ಅದರಾಗ ನಾ ಒಂದೂ ಬ್ಯಾಡ ಅನ್ಲಿಲ್ಲ. ವಾರ ವಾರ ತೂಗಿದ್ರ ದೃಷ್ಟಿ ಆಗ್ತೈತಿ ಅಂತ ಅಕಿ ವಾದ, ಆಶಾ ಅಕ್ಕ ಜೋಲಿ ತಕ್ಕಡಿ ತಂದಾಗೆಲ್ಲಾ ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕ್ತಿದ್ಲು, ಅದಕ್ಕ ನಾ ಏನೂ ಅನ್ನಾಕ ಹೋಗ್ಲಿಲ್ಲ, ತೂಕ ಬಿಡ್ಲಿಲ್ಲ ಅಷ್ಟ.

ಮನ್ಯಾಗ ತೂಕದ ಮಷಿನ್ ತಗೋಬೇಕಾ ಅಂತ ಕೇಳೋರಿದ್ರ, ಬ್ಯಾಡ. ನಾವು ತಗೊಂಡು ದಿನಾ ಮೂರು ಸಲ ತೂಗಿ ಹುಚ್ಚಾದ್ವಿ, ಒಂದ್ ಸಲ ಉಚ್ಚಿ ಹೊಯ್ದ್ರ 15 ಗ್ರಾಂ ಇಳೀತೈತಿ. ವಾರಕ್ಕ ಒಂದ್ ಸಲ, ಒಂದ ತಕ್ಕಡಿ, ಬತ್ತಲೆ ಕೂಸು. ಎರಡು ಕಿಲೋ ದಾಟಿದ ಮ್ಯಾಲ ದಿನಕ್ಕ 20 ರಿಂದ 30 ಗ್ರಾಂ ಲೆಕ್ಕ ಬಿದ್ರ ಸಾಕು.

ಬಿಡೂದು. ಇದನ್ನ ನಮಗ ಯಾರೂ ತಾವಾಗಿ ಹೇಳ್ಲಿಲ್ಲ, ನಾನ ಕೇಳ್ಬೇಕಾತು. 2.5 ಕಿಲೋ ಸಮೀಪ ಬಂದಾಗ ಕೂಸು ಎದಿ ಗಟ್ಟಿಯಾಗಿ ಹಿಡಿಯಾಕ ಹತ್ತಿದ್ಲು, ನುಂಗೂ ಸಪ್ಪಳ ಕೇಳಸ್ತಿತ್ತು. ಡಾಕ್ಟರ್ ಒಮ್ಮೆಲೆ ನಿಲ್ಲಿಸಬ್ಯಾಡ್ರಿ ಅಂತ ಹೇಳಿ ಮೊದಲ ಹಗಲಿನ ಎರಡು ಸಲದ ಪುಡಿ ತಗದ್ರು, ನಾಕ್ ದಿನಕ್ಕ ತೂಕ ನೋಡಿದ್ರು, ಏರಿತ್ತು, ಮತ್ತ ಎರಡು ತಗದ್ರು. ರಾತ್ರಿದು ಕಡೀಕ. ಒಂಬತ್ತನೇ ವಾರದಾಗ, 2800 ಗ್ರಾಂ ಇದ್ದಾಗ, ಪುಡಿ ನಿಂತ್ತು. ಡಬ್ಬಿಯಾಗ ಇನ್ನೂ ಕಾಲು ಭಾಗ ಉಳಿದಿತ್ತು, ಒಡದು ತಿಂಗಳ ಆಗಿತ್ತು, ಓಣ್ಯಾಗ ಒಬ್ಬಾಕಿ ನಮ್ಮ ಕೂಸಿಗೆ ಕೊಡ್ರಿ ಅಂತ ಬಂದ್ಲು, ಅಕಿ ಕೂಸು ಮೂರು ಕಿಲೋದ್ದು, ತುಂಬಿದ ದಿನದ್ದು. ಕೊಡ್ಲಿಲ್ಲ. ಇದು ನಿನ್ನ ಕೂಸಿಗೆ ಅಲ್ಲವಾ, ನಿನ್ನ ಹಾಲ ಸಾಕು ಅಂದು ಕುಂದ್ರಿಸಿ ಎದಿ ಹಿಡಿಸೂದು ಹೆಂಗ ಅಂತ ತೋರಿಸಿದೆ. ಪುಡಿ ಗಟಾರಕ್ಕ ಹಾಕಿದೆ.

ಒಳಲಿ ಎಲ್ಲಿ ಸಿಗ್ತೈತಿ ಅಂತ ಭಾಳ ಮಂದಿ ಕೇಳ್ಯಾರ. ಹುಬ್ಬಳ್ಳಿ ದುರ್ಗದಬೈಲ್ ಕಡೆ ಸ್ಟೀಲ್ ಪಾತ್ರಿ ಅಂಗಡಿಗೋಳಾಗ ಒಳಲಿ ಕೊಡ್ರಿ ಅಂದ್ರ ತಗದ ಕೊಡ್ತಾರ, ಸಣ್ಣ ವಯಸ್ಸಿನ ಹುಡುಗ ಇದ್ರ ಗೊತ್ತಾಗಾಂಗಿಲ್ಲ, ಒಳಗಿನ ಹಿರೇರ್ನ ಕೇಳ್ರಿ. ಬೆಳ್ಳಿದು ಬ್ಯಾಡ, ಕುದಿಸಿ ಕುದಿಸಿ ಕಪ್ಪಾಗ್ತೈತಿ. ತಗೊಳ್ಳೂ ಮುಂಚೆ ಚುಂಚಿನ ತುದಿ ಮ್ಯಾಲ ಹೆಬ್ಬೆರಳು ಆಡಿಸಿ ನೋಡ್ರಿ, ಒಂದೀಟು ಗರಗರ ಅಂದ್ರೂ ಅದನ್ನ ಬಿಟ್ಟು ಇನ್ನೊಂದ್ ಕೇಳ್ರಿ. ನಾ ಆರು ಬಟ್ಟಲ ವಾಪಸ್ ಮಾಡಿ ಏಳನೇದ್ದು ತಂದೀನಿ.